ವಕೀಲರ ನೋಟಿಸಿನಲ್ಲಿ 'ಅಂಡ್/ಆರ್' ಎಂದಿದೆ: ಬಾಕಿ ಕಟ್ಟಿದರೆ ಸಾಕೆ, ಮಳಿಗೆಯನ್ನೂ ಬಿಡಬೇಕೆ?

ಪುಣೆಯ ಪರದೇಶಿ
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಅಪ್ಪನ ಅಂಗಡಿ ಇದೆ. ಬಾಡಿಗೆ ಮಳಿಗೆ, ತಿಂಗಳಿಗೆ 6,500 ರೂಪಾಯಿ. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಬೆಂಗಳೂರಿನಿಂದ ವಕೀಲರ ಮೂಲಕ ಇಂಗ್ಲಿಷಿನಲ್ಲಿ ಮೂರು ಪುಟದ ನೋಟಿಸ್ ಕಳಿಸಿದ್ದಾರೆ. ನಾನು ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಮಾಡುವವನು. ಆದರೂ ಮೂರು ಕಡೆ ಎಡವಿದೆ.

ಮೇಲ್ಗಡೆ ದಪ್ಪಕ್ಷರದಲ್ಲಿ 'ವಿದೌಟ್ ಪ್ರೆಜುಡಿಸ್' ಎಂದಿದೆ. ತಮ್ಮ ಅದನ್ನು ಮೊಬೈಲಿನಲ್ಲಿ ಅನುವಾದಿಸಿ 'ಪೂರ್ವಗ್ರಹವಿಲ್ಲದೆ' ಎಂದು ಓದಿ ಹೇಳಿದ. ಅಪ್ಪನಿಗೆ ಸಮಾಧಾನವಾಯಿತು. "ನೋಡು, ಹುಡುಗನಿಗೆ ನಮ್ಮ ಮೇಲೆ ಸಿಟ್ಟಿಲ್ಲ, ಅವನೇ ಬರೆದಿದ್ದಾನೆ" ಎನ್ನುತ್ತಿದ್ದಾರೆ.

ಎರಡನೆಯದು, ಬಾಕಿ ಬಾಡಿಗೆ ಕಟ್ಟಿ 'ಅಂಡ್/ಆರ್' ಮಳಿಗೆ ತೆರವು ಮಾಡಿ, ನೋಟಿಸ್ ತಲುಪಿದ ದಿನದಿಂದ ಹದಿನೈದು ದಿನದೊಳಗೆ, ಎಂದಿದೆ. ತಮ್ಮನ ಪ್ರಕಾರ ಬಾಕಿ ಕಟ್ಟಿದರೆ ಮುಗಿಯಿತು. ಚಿಕ್ಕಪ್ಪನ ಪ್ರಕಾರ ಎರಡನ್ನೂ ಮಾಡಬೇಕು. ಅಪ್ಪನ ಪ್ರಕಾರ ಬಾಕಿಯೇ ಇಲ್ಲ, ಆ ಎರಡು ತಿಂಗಳ ಬಾಡಿಗೆಯನ್ನು ಹಳೆಯ ಮಾಲೀಕರ ಕೈಗೆ ನಗದಾಗಿ ಕೊಟ್ಟಿದ್ದಾರೆ, ರಸೀದಿ ಇಲ್ಲ.

ಮೂರನೆಯದು, ಕೊನೆಯಲ್ಲಿ ಹೊಸ ಕರಾರನ್ನು 'ಮೇ ಕನ್ಸಿಡರ್', ಬಾಡಿಗೆ ಪರಿಷ್ಕರಣೆಗೆ 'ಸಬ್ಜೆಕ್ಟ್ ಟು' ಎಂದಿದೆ. ಇದು ಆಸೆಯೋ ಬೆದರಿಕೆಯೋ?

ತೋಟದ ಮನೆ
ಬಾಯಿ ಮಾತಿನಲ್ಲಿ ಹೆದರಿಸಲಾಗದವರು ಕಾಗದದಲ್ಲಿ ಹೆದರಿಸುತ್ತಾರೆ. ನೋಟಿಸಿಗೆ ಬೆಲೆಯೇ ಇಲ್ಲ, ಕೋರ್ಟಿನಿಂದ ಸಮನ್ಸ್ ಬರುವವರೆಗೆ ಸುಮ್ಮನಿರಿ.

ಕಪ್ಪುಕೋಟು
ತೋಟದ ಮನೆಯವರೇ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಸುಮ್ಮನಿದ್ದವರನ್ನು ಆಮೇಲೆ ಪಾಟೀಸವಾಲಿನಲ್ಲಿ "ನೋಟಿಸ್ ತಲುಪಿದ ಮೇಲೂ ನೀವು ಬಾಕಿಯನ್ನು ಅಲ್ಲಗಳೆಯಲಿಲ್ಲ ಅಲ್ಲವೇ" ಎಂದು ಕೇಳುವವನು ನಾನೇ. ಆ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರನ್ನು ನಾನು ಹೆಚ್ಚು ಕಂಡಿಲ್ಲ.

ಪರದೇಶಿಯವರಿಗೆ: ಇಲ್ಲಿ 'ಪ್ರೆಜುಡಿಸ್' ಎಂದರೆ ಪೂರ್ವಗ್ರಹವಲ್ಲ, ಬಾಧಕ. 'ನಮ್ಮ ಹಕ್ಕುಗಳಿಗೆ ಬಾಧಕ ಬಾರದಂತೆ' ಎಂದು ಓದಿಕೊಳ್ಳಿ. ಇದರ ನಿಜವಾದ ಜಾಗ ರಾಜಿ ಮಾತುಕತೆಯ ಪತ್ರ. "ಎರಡು ಲಕ್ಷ ಕೊಟ್ಟು ಮುಗಿಸೋಣ" ಎಂದು ಬರೆದವನಿಗೆ, ರಾಜಿ ಮುರಿದು ಬಿದ್ದರೆ "ಎರಡು ಲಕ್ಷ ಬಾಕಿ ಇದೆ ಎಂದು ನೀನೇ ಒಪ್ಪಿದ್ದೆ" ಎಂಬ ಮಾತು ತಿರುಗಿ ಬಡಿಯಬಾರದು. 1872ರ ಸಾಕ್ಷ್ಯ ಕಾಯ್ದೆಯ 23ನೇ ಕಲಂ ಈ ರಕ್ಷಣೆ ಕೊಡುತ್ತಿತ್ತು. ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 21ನೇ ಕಲಂ. ಬೇಡಿಕೆಯ ನೋಟಿಸಿನ ನೆತ್ತಿಯ ಮೇಲೆ ಇದನ್ನು ಹಾಕುವುದು ಬಹುಪಾಲು ಅಭ್ಯಾಸಬಲ. ಹಳೆಯ ಫೈಲಿನಿಂದ ನಕಲಾಗುತ್ತಾ ಬರುತ್ತದೆ, ಅಷ್ಟೆ.

ಆದರೆ ಬಾಡಿಗೆಯ ವಿಷಯದಲ್ಲಿ ಅದಕ್ಕೆ ಒಂದು ಕೆಲಸ ಇದೆ. ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಮಿನಲ್ಲಿ ಒಂದು ದೃಷ್ಟಾಂತವಿದೆ: ತೆರವು ಮಾಡಲು ಮಾಲೀಕ ನೋಟಿಸ್ ಕೊಟ್ಟ, ಗಡುವು ಮುಗಿಯಿತು, ಆಮೇಲಿನ ಬಾಡಿಗೆಯನ್ನು ಬಾಡಿಗೆದಾರ ಕೊಟ್ಟಾಗ ಮಾಲೀಕ ತೆಗೆದುಕೊಂಡ. ನೋಟಿಸನ್ನು ಅವನೇ ಕೈಬಿಟ್ಟಂತಾಯಿತು. ಈ ಗುಂಡಿಗೆ ಬೀಳದಿರಲು ಜಾಣ ಮಾಲೀಕರು ಬಾಡಿಗೆ ರಸೀದಿಯ ಮೇಲೂ 'ವಿದೌಟ್ ಪ್ರೆಜುಡಿಸ್' ಬರೆಯುತ್ತಾರೆ. ಆದ್ದರಿಂದ ಅಪ್ಪನಿಗೆ ಹೇಳಿ, ಅದು ಪ್ರೀತಿಯ ಮಾತಲ್ಲ.

ಬೆಣ್ಣೆದೋಸೆ
ಅಪ್ಪನ ಸಮಾಧಾನ ಕೆಡಿಸಿದಿರಲ್ಲ ವಕೀಲರೇ!

ನಿವೃತ್ತ ಗುಮಾಸ್ತ
ಮೂವತ್ತೊಂದು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡಿದವನು ನಾನು. ಕಷ್ಟದ ಪದಗಳು ಯಾರನ್ನೂ ಕೆಡಿಸುವುದಿಲ್ಲ, ಗೊತ್ತಿಲ್ಲ ಎಂದು ಗೊತ್ತಿರುತ್ತದೆ, ಕೇಳುತ್ತಾರೆ. ಕೆಡಿಸುವುದು ಗೊತ್ತಿರುವ ಪದಗಳು. 'ಕನ್ಸಿಡರೇಷನ್' ಎಂದರೆ ಕ್ರಯಪತ್ರದಲ್ಲಿ ಪ್ರತಿಫಲ, ಕೊಟ್ಟ ದುಡ್ಡು. ಅದನ್ನು 'ಪರಿಗಣನೆ' ಎಂದು ಅನುವಾದಿಸಿ ತಂದ ಪದವೀಧರರನ್ನು ಕಂಡಿದ್ದೇನೆ. 'ಕ್ವೈಟ್ ಎಂಜಾಯ್‌ಮೆಂಟ್' ಎಂಬುದನ್ನು ಒಬ್ಬ ಹುಡುಗ 'ನಿಶ್ಶಬ್ದ ಆನಂದ' ಎಂದು ಬರೆದಿದ್ದ. ನಿರಾತಂಕ ಅನುಭೋಗ ಎಂದಾಗಬೇಕಿತ್ತು. ನಮ್ಮ ಯಜಮಾನರು ಆ ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. 'ಎಕ್ಸಿಕ್ಯೂಟ್' ಪತ್ರಕ್ಕೆ ಸೇರಿದರೆ ಬರೆದುಕೊಡುವುದು, ಡಿಕ್ರಿಗೆ ಸೇರಿದರೆ ಅಮಲ್ಜಾರಿ, ಮನುಷ್ಯನಿಗೆ ಸೇರಿದರೆ ಗಲ್ಲು.

'ಅಂಡ್/ಆರ್' ಬಗ್ಗೆ: ನಮ್ಮ ಯಜಮಾನರು ಅದನ್ನು ಟೈಪ್ ಮಾಡಲು ಬಿಡುತ್ತಿರಲಿಲ್ಲ. "ಕಕ್ಷಿದಾರನಿಗೆ ಏನು ಬೇಕೆಂದು ಗೊತ್ತಿಲ್ಲದಿದ್ದರೆ ಮನೆಗೆ ಹೋಗಿ ಯೋಚಿಸಿಕೊಂಡು ಬರಲಿ" ಎನ್ನುತ್ತಿದ್ದರು.

ಕಪ್ಪುಕೋಟು
ಗುಮಾಸ್ತರು ಹೇಳಿದ್ದು ಸರಿ. ಆ ಓರೆಗೆರೆ ಬರೆದವರ ಕೈಯಲ್ಲಿ ಎರಡು ಬಾಗಿಲು ತೆರೆದಿಡುತ್ತದೆ. ನಾಳೆ ಬಾಕಿಗೆ ಮಾತ್ರ ದಾವೆ ಹೂಡಬಹುದು, ತೆರವಿಗೆ ಮಾತ್ರ ಹೂಡಬಹುದು, ಎರಡಕ್ಕೂ ಹೂಡಬಹುದು. ಹಾಗೆಂದು ನಿಮ್ಮ ತಮ್ಮ ಅದರಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುವಂತಿಲ್ಲ. ಉತ್ತರದಲ್ಲೇ ಕೆದಕಿ: "ಬಾಕಿ ಪಾವತಿಯಾದಲ್ಲಿ ತೆರವಿನ ಬೇಡಿಕೆ ಉಳಿಯುತ್ತದೆಯೇ ಎಂಬುದು ನಿಮ್ಮ ನೋಟಿಸಿನಿಂದ ಸ್ಪಷ್ಟವಾಗುವುದಿಲ್ಲ." ಗೊಂದಲ ಅವರದು, ಬಿಡಿಸುವ ಹೊಣೆಯೂ ಅವರದೇ ಆಗಲಿ.

'ಮೇ ಕನ್ಸಿಡರ್' ಎಂದರೆ ಏನೂ ಅಲ್ಲ. ಯೋಚಿಸಿದರೂ ಯೋಚಿಸಬಹುದು. 'ಸಬ್ಜೆಕ್ಟ್ ಟು' ಎಂದರೆ ಒಳಪಟ್ಟು, ಅಂದರೆ ಮೊದಲು ಬಾಡಿಗೆ ಏರಿಸಲು ಒಪ್ಪಿ, ಮಿಕ್ಕದ್ದು ಆಮೇಲೆ.

ಗೋಡೆ ಇಂಜಿನಿಯರ್
ಮಳಿಗೆಯ ಅಳತೆ ಎಷ್ಟು? ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯವಾದರೆ ಹದಿನೈದು ದಿನದ ನೋಟಿಸ್ ಕೊಟ್ಟು ಎಬ್ಬಿಸಲು ಬರುವುದಿಲ್ಲ. ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರ್ ಪ್ಲಿಂತ್ ಏರಿಯಾ ಮೀರದವುಗಳಿಗೆ ಮಾತ್ರ ಆ ರಕ್ಷಣೆ.

ಪುಣೆಯ ಪರದೇಶಿ
ಕರಾರಿನಲ್ಲಿ 10 ಅಡಿಗೆ 14 ಅಡಿ ಎಂದಿದೆ ಸರ್.

ಗೋಡೆ ಇಂಜಿನಿಯರ್
140 ಚದರ ಅಡಿ, ಅಂದರೆ 13 ಚದರ ಮೀಟರ್. ಒಳಗೆ ಬಂತು! ಆದರೆ ತಾಳಿ. ಅದು ಗೋಡೆಯ ಒಳ ಅಳತೆಯಾಗಿದ್ದರೆ ಕಾರ್ಪೆಟ್ ಏರಿಯಾ ಆಯಿತು. ಪ್ಲಿಂತ್ ಏರಿಯಾ ಎಂದರೆ ಗೋಡೆಯ ದಪ್ಪವೂ ಸೇರಬೇಕು. ನಾಲ್ಕೂ ಕಡೆ 9 ಇಂಚಿನ ಗೋಡೆ ಎಂದಿಟ್ಟುಕೊಳ್ಳಿ: ಹನ್ನೊಂದೂವರೆಗೆ ಹದಿನೈದೂವರೆ, 178 ಚದರ ಅಡಿ, 16.5 ಚದರ ಮೀಟರ್. ಹೊರಗೆ ಹೋಯಿತು. ಪಕ್ಕದ ಮಳಿಗೆಯ ಜೊತೆ ಗೋಡೆ ಹಂಚಿಕೊಂಡಿದ್ದರೆ ಲೆಕ್ಕ ಮತ್ತೆ ಬೇರೆ. ಗೋಡೆ ಎಷ್ಟು ಇಂಚು?

ಕಪ್ಪುಕೋಟು
ಇಂಜಿನಿಯರ್ ಸಾಹೇಬರೇ, ಟೇಪು ಮಡಚಿಡಿ. ಆ ಕಾಯ್ದೆಗೆ ಬಾಡಿಗೆಯ ಮೊತ್ತದ ಮಿತಿಯೂ ಇದೆ. 6,500 ರೂಪಾಯಿ ಅದನ್ನು ದಾಟಿ ಬಹಳ ಮುಂದೆ ಹೋಗಿದೆ. ಗೋಡೆ ಕಾಗದದಷ್ಟು ತೆಳ್ಳಗಿದ್ದರೂ ಪ್ರಯೋಜನವಿಲ್ಲ.

ಗೋಡೆ ಇಂಜಿನಿಯರ್
ಆದರೂ ಅಳತೆ ಗೊತ್ತಿರುವುದು ಒಳ್ಳೆಯದು.

ಸಂಪಿಗೆ
ಹದಿನೈದು ದಿನದ ಲೆಕ್ಕ ಯಾವತ್ತಿನಿಂದ? ನೋಟಿಸಿನ ಮೇಲೆ ಬರೆದ ತಾರೀಖಿನಿಂದ ಅಲ್ಲವೇ? ನಮ್ಮ ಅಪಾರ್ಟ್‌ಮೆಂಟಿನವರು ಹಾಗೇ ಲೆಕ್ಕ ಹಾಕುತ್ತಾರೆ.

ಪುಣೆಯ ಪರದೇಶಿ
ಇಲ್ಲೊಂದು ಫಜೀತಿ ಇದೆ. ನೋಟಿಸಿನ ತಾರೀಖು 3. ಅಂಚೆಯವರು ತಂದದ್ದು 9ಕ್ಕೆ. ಬೀಸುವ ಕಲ್ಲಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಿಲ್ಲ, ಕೆಲಸದ ಹುಡುಗ ಸಹಿ ಹಾಕಿ ಲಕೋಟೆಯನ್ನು ತಕ್ಕಡಿಯ ಕೆಳಗೆ ಸಿಕ್ಕಿಸಿದ್ದಾನೆ. ಅಪ್ಪನ ಕೈಗೆ ಸಿಕ್ಕಿದ್ದು 13ಕ್ಕೆ. ಆ ಹೊತ್ತಿಗೆ ಅದರ ಮೇಲೆ ಅರ್ಧ ಅಂಗುಲ ರಾಗಿಹಿಟ್ಟು ಕೂತಿತ್ತಂತೆ.

ಕಪ್ಪುಕೋಟು
ತಲುಪಿದ ದಿನ 9. ಹುಡುಗ ಸಹಿ ಹಾಕಿದ್ದರೆ ನಿಮಗೆ ತಲುಪಿದಂತೆಯೇ ಎಂದು ಅವರು ವಾದಿಸುತ್ತಾರೆ, ಆ ವಾದ ನಿಲ್ಲುತ್ತದೆ ಎಂದೇ ಇಟ್ಟುಕೊಳ್ಳಿ. 'ಫ್ರಮ್' ಎಂಬ ಪದ ಬಂದರೆ ಮೊದಲ ದಿನ ಬಿಡಬೇಕು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 9ನೇ ಕಲಂ ಕಾಯ್ದೆಗಳ ಮಟ್ಟಿಗೆ ಹೇಳುವುದು ಅದನ್ನೇ, ನೋಟಿಸಿನ ಲೆಕ್ಕಕ್ಕೂ ಅದೇ ರೂಢಿ. 10 ಒಂದನೇ ದಿನ, 24 ಹದಿನೈದನೇ ದಿನ. ಉತ್ತರ 24ರೊಳಗೆ ಹೋಗಲಿ.

ಅದೇ ಕಾಯ್ದೆಯಲ್ಲಿ ತಿಂಗಳು ಎಂದರೆ ಬ್ರಿಟಿಷ್ ಪಂಚಾಂಗದ ತಿಂಗಳು ಎಂದೂ ಇದೆ. ಆಷಾಢ ಕಳೆಯಲಿ, ಆಮೇಲೆ ನೋಡೋಣ ಎನ್ನುವ ಕಕ್ಷಿದಾರರಿಗೆ ಇದನ್ನು ತೋರಿಸುತ್ತಿರುತ್ತೇನೆ.

ನಿವೃತ್ತ ಗುಮಾಸ್ತ
ಒಂದು ನಿಮಿಷ. ಬೀಸುವ ಕಲ್ಲು? ರಾಗಿಹಿಟ್ಟು? ತಮ್ಮ 'ಅಂಗಡಿ' ಹಿಟ್ಟಿನ ಗಿರಣಿಯೇ?

ಪುಣೆಯ ಪರದೇಶಿ
ಹೌದು ಸರ್. ಊರಿನವರೆಲ್ಲ ಅಂಗಡಿ ಎಂದೇ ಹೇಳುವುದು. ಹಾಗಾಗಿ ನಾನೂ ಹಾಗೇ ಬರೆದೆ.

ನಿವೃತ್ತ ಗುಮಾಸ್ತ
ನೋಟಿಸಿನ ಅರ್ಥ ಕೇಳಲು ಬಂದವರು ತಾವೇ ಎರಡರ್ಥದ ಪದ ಬಳಸಿದ್ದೀರಿ! ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ತೆಗೆದು ನೋಡಿ. ಸಾಮಾನ್ಯ ಬಾಡಿಗೆಗೆ ಹದಿನೈದು ದಿನದ ನೋಟಿಸ್ ಸಾಕು. ಆದರೆ ಕೃಷಿ ಅಥವಾ 'ಮ್ಯಾನುಫ್ಯಾಕ್ಚರಿಂಗ್' ಉದ್ದೇಶಕ್ಕೆ ಕೊಟ್ಟದ್ದಾದರೆ ಅದು ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ, ಆರು ತಿಂಗಳ ನೋಟಿಸ್ ಬೇಕು. ಗೋಧಿ ಬೀಸಿ ಹಿಟ್ಟು ಮಾಡುವುದು ತಯಾರಿಕೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಇದಂದಾಸ್ ಮೊಕದ್ದಮೆ. ಹಿಟ್ಟಿನ ಗಿರಣಿ ತಯಾರಿಕೆಯ ಉದ್ದೇಶವೇ ಎಂದು ತೀರ್ಪಾಯಿತು. ಒಳಗೆ ಹೋದದ್ದು ಗೋಧಿ, ಹೊರಗೆ ಬಂದದ್ದು ಬೇರೆಯೇ ಪದಾರ್ಥ.

ನೋಟಿಸಿನಲ್ಲಿ ಮಳಿಗೆಯ ಉದ್ದೇಶ ಏನೆಂದು ಬರೆದಿದ್ದಾರೆ?

ಪುಣೆಯ ಪರದೇಶಿ
'ಫಾರ್ ಕಮರ್ಷಿಯಲ್ ಪರ್ಪಸಸ್' ಎಂದಿದೆ. 2009ರ ಕರಾರಿನಲ್ಲಿ "ಹಿಟ್ಟಿನ ಗಿರಣಿ ನಡೆಸುವ ಸಲುವಾಗಿ" ಎಂದು ಕನ್ನಡದಲ್ಲಿ ಸ್ಪಷ್ಟವಾಗಿದೆ. ಆ ಸಾಲನ್ನು ನಾನು ಗಮನಿಸಿಯೇ ಇರಲಿಲ್ಲ. ನಾನು ದಪ್ಪಕ್ಷರಗಳನ್ನೇ ನೋಡುತ್ತಿದ್ದೆ.

ಬೆಣ್ಣೆದೋಸೆ
ಗುಮಾಸ್ತರಿಗೆ ಒಂದು ಜೈ.

ಕಪ್ಪುಕೋಟು
ಜೈಕಾರ ಸ್ವಲ್ಪ ತಡೆಯಿರಿ. ಗಿರಣಿಯ ವಿಷಯ ಮೊದಲೇ ಹೇಳಿದ್ದರೆ ನಾನೂ ಬೇರೆಯೇ ಬರೆಯುತ್ತಿದ್ದೆ, ಒಪ್ಪುತ್ತೇನೆ. ಆದರೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ ಹುಟ್ಟಬೇಕಾದರೆ 107ನೇ ಕಲಮಿನ ಪ್ರಕಾರ ನೋಂದಾಯಿತ ಪತ್ರ ಬೇಕು. ಪರದೇಶಿಯವರೇ, ನಿಮ್ಮದು ಹನ್ನೊಂದು ತಿಂಗಳ ಛಾಪಾಕಾಗದದ ಕರಾರೇ?

ಪುಣೆಯ ಪರದೇಶಿ
ಹೌದು. ಆಮೇಲೆ ನವೀಕರಿಸಿಯೇ ಇಲ್ಲ. ಬಾಯಿ ಮಾತಿನಲ್ಲೇ ನಡೆದುಕೊಂಡು ಬಂದಿದೆ.

ಕಪ್ಪುಕೋಟು
ಊಹಿಸಿದ್ದೆ. ಹಾಗಿದ್ದರೆ ಎದುರಿನವರು "ನೋಂದಣಿ ಇಲ್ಲ, ಆದ್ದರಿಂದ ತಿಂಗಳ ಬಾಡಿಗೆಯೇ, ಹದಿನೈದು ದಿನವೇ ಸಾಕು" ಎನ್ನುತ್ತಾರೆ. ಅವರ ಕೈಯಲ್ಲಿ 2016ರ ಸುಪ್ರೀಂ ಕೋರ್ಟ್ ತೀರ್ಪೊಂದು ಇರುತ್ತದೆ, ಪಾರ್ಕ್ ಸ್ಟ್ರೀಟ್ ಪ್ರಾಪರ್ಟೀಸ್ ಮೊಕದ್ದಮೆಯದು. ನೀವು ಗಿರಣಿಯ ವಾದ ಎತ್ತುತ್ತೀರಿ. ಗೆಲ್ಲುವುದು ಕಷ್ಟವೇ, ಆದರೆ ಬಿಟ್ಟುಕೊಡಬೇಡಿ. ಉತ್ತರದಲ್ಲಿ ಎಲ್ಲಿಯೂ 'ಕಮರ್ಷಿಯಲ್' ಎಂಬ ಅವರ ಪದವನ್ನು ನೀವು ಪುನರುಚ್ಚರಿಸಬಾರದು. ಗಿರಣಿ ಎಂದೇ ಬರೆಯಿರಿ, ಪ್ರತಿ ಸಲವೂ. ಕರಾರಿನ ಮೂಲ ಪ್ರತಿಯನ್ನು ಊರಿನ ವಕೀಲರಿಗೆ ತೋರಿಸಿ, ಇಲ್ಲಿ ನಾವು ಹೇಳಿದ್ದನ್ನೇ ನಂಬಿ ಕೂರಬೇಡಿ.

ಧಾರವಾಡ ಫೇಡೆ
ಎರಡರ್ಥದ ಪದ ಎಂದಾಗ ನೆನಪಾಯಿತು. 1864ರ ಇಂಗ್ಲಿಷ್ ಮೊಕದ್ದಮೆ, ಕಾನೂನು ಓದಿದವರಿಗೆಲ್ಲ ಗೊತ್ತು. ಬೊಂಬಾಯಿಯಿಂದ 'ಪೀರ್‌ಲೆಸ್' ಹಡಗಿನಲ್ಲಿ ಬರುವ 125 ಹತ್ತಿ ಮೂಟೆ ಕೊಳ್ಳುವುದಾಗಿ ಲಿವರ್‌ಪೂಲಿನಲ್ಲಿ ಕರಾರಾಯಿತು. ಬೊಂಬಾಯಿಯಿಂದ ಅದೇ ಹೆಸರಿನ ಎರಡು ಹಡಗು ಹೊರಟಿದ್ದವು, ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ಕೊಳ್ಳುವವನ ಮನಸ್ಸಿನಲ್ಲಿ ಮೊದಲನೆಯದು, ಮಾರುವವನ ಮನಸ್ಸಿನಲ್ಲಿ ಎರಡನೆಯದು. ಕೊಳ್ಳುವವನೇ ಗೆದ್ದ. ಕರಾರಿನಲ್ಲಿ 'ಸೂರತ್' ಹತ್ತಿ ಎಂದಿತ್ತು. ಆ ಕಾಲದಲ್ಲಿ ಲಿವರ್‌ಪೂಲಿನವರಿಗೆ ಇಂಡಿಯಾದ ಹತ್ತಿಯೆಲ್ಲವೂ ಸೂರತ್ತೇ. ನಮ್ಮ ಧಾರವಾಡದ ಹತ್ತಿಯೂ ಅದರೊಳಗೆ ಇತ್ತೋ ಏನೋ ಎಂದು ನನಗೆ ಆಸೆ.

ಸಂಪಿಗೆ
ಆಸೆಗೆ ಪುರಾವೆ ಬೇಡವಲ್ಲ.

ಕಪ್ಪುಕೋಟು
ನಮ್ಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಕುದುರೆ ಇತ್ತು, ಹಡಗು ಯಾಕೆ? "ಸಾವಿರಕ್ಕೆ ಅಥವಾ ಸಾವಿರದ ಐನೂರಕ್ಕೆ" ಕುದುರೆ ಮಾರುತ್ತೇನೆ ಎಂದು ಬರೆದರೆ, ಯಾವ ಬೆಲೆ ಎಂದು ಆಮೇಲೆ ಸಾಕ್ಷ್ಯ ಕೊಡಲು ಬರುವುದಿಲ್ಲ. ಬರವಣಿಗೆಯೇ ಕೆಟ್ಟಿದೆ. ಆದರೆ "ನನ್ನ ಬಿಳಿ ಕುದುರೆ" ಎಂದು ಬರೆದವನ ಲಾಯದಲ್ಲಿ ಎರಡು ಬಿಳಿ ಕುದುರೆ ಇದ್ದರೆ, ಯಾವುದೆಂದು ಸಾಕ್ಷ್ಯ ಕೊಡಬಹುದು. ನೋಡಿದ ಕೂಡಲೇ ಕಾಣುವ ಗೊಂದಲ ಒಂದು, ಲಾಯದ ಬಾಗಿಲು ತೆಗೆದ ಮೇಲೆ ಕಾಣುವ ಗೊಂದಲ ಇನ್ನೊಂದು. ಗಿರಣಿ ಎರಡನೆಯ ಜಾತಿ.

ಕನ್ನಡವೇ ಸತ್ಯ
ಇದೆಲ್ಲ ಇಂಗ್ಲಿಷಿನ ರೋಗ. ಹಾಸನದ ಗಿರಣಿಯವರಿಗೆ ಇಂಗ್ಲಿಷ್ ನೋಟಿಸ್ ಏಕೆ? ಕನ್ನಡದಲ್ಲಿ ಬರೆದಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಕನ್ನಡದಲ್ಲಿ ಮಾತು ನೇರ.

ನಿವೃತ್ತ ಗುಮಾಸ್ತ
ಇಂಗ್ಲಿಷ್ ಏಕೆ ಎಂಬ ಪ್ರಶ್ನೆ ನ್ಯಾಯವೇ. ಉತ್ತರವನ್ನು ಕನ್ನಡದಲ್ಲಿ ಕೊಡಲು ಯಾರ ಅಪ್ಪಣೆಯೂ ಬೇಡ. ಕೆಳ ನ್ಯಾಯಾಲಯದಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿಯ ಇಂಗ್ಲಿಷ್ ಎದುರಾಗುತ್ತದೆ, ಅದು ಬೇರೆ ಮಾತು.

ಆದರೆ ನಮ್ಮ ಹಳೆಯ ಪತ್ರಗಳ ಕನ್ನಡ ನೇರವಾಗಿತ್ತು ಎಂದರೆ ನಗು ಬರುತ್ತದೆ. "ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ ಅಷ್ಟಭೋಗ ತೇಜಸ್ವಾಮ್ಯ ಸಹಿತ" ಎಂದು ಸಾವಿರ ಸಲ ಟೈಪ್ ಮಾಡಿದ್ದೇನೆ. ಅಕ್ಷೀಣಿ ಎಂದರೇನು ಎಂದು ಒಬ್ಬ ಕಕ್ಷಿದಾರನೂ ಕೇಳಲಿಲ್ಲ.

ಸಂಪಿಗೆ
ಎಣಿಸಿದೆ. ಅಷ್ಟಭೋಗದಲ್ಲಿ ಒಂಬತ್ತು ಇವೆ.

ನಿವೃತ್ತ ಗುಮಾಸ್ತ
'ತರು' ನಮ್ಮ ಕಚೇರಿಯವರು ಸೇರಿಸಿದ್ದು! ತೆಂಗಿನ ತೋಟದವರು ಗಲಾಟೆ ಮಾಡುತ್ತಿದ್ದರು. ಹಳೆಯ ಶಿಲಾಶಾಸನಗಳ ಲೆಕ್ಕಕ್ಕೆ ಅದನ್ನು ಬಿಟ್ಟು ಓದಿ, ಎಂಟು ಸರಿಯಾಗುತ್ತದೆ.

ಮಲೆನಾಡ ಮಳೆ
ಕನ್ನಡದಲ್ಲಿ ಮಾತು ನೇರ ಎಂದವರಿಗೆ ನಮ್ಮ ಅಜ್ಜನ ಪಾಲುಪಟ್ಟಿ ತೋರಿಸಬೇಕು. ದೊಡ್ಡಜ್ಜನಿಗೆ "ಹಳೆಯ ಮನೆ ಮತ್ತು ಕೊಟ್ಟಿಗೆ" ಎಂದು ಬರೆದಿದ್ದರು. ಕೊಟ್ಟಿಗೆ ಎರಡಿದ್ದವು. 'ಹಳೆಯ' ಎಂಬುದು ಮನೆಗೆ ಮಾತ್ರವೋ ಕೊಟ್ಟಿಗೆಗೂ ಸೇರಿತೋ? ಹೊಸ ಕೊಟ್ಟಿಗೆಗೆ ಮಂಗಳೂರು ಹೆಂಚು ಹಾಕಿಸಿದ್ದು ನನ್ನ ಅಜ್ಜ, ದನ ಕಟ್ಟಿದ್ದು ದೊಡ್ಡಜ್ಜ. ಇಬ್ಬರೂ ಒಂದೇ ಬಾವಿಯ ನೀರು ಸೇದುತ್ತಾ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಒಂದು ಮಳೆಗಾಲದಲ್ಲಿ ಕೊಟ್ಟಿಗೆಯೇ ಬಿತ್ತು.

ಬಾಸ್ಟನ್ ಬಸವ
ಇಲ್ಲಿ ನಮಗೆ ಹತ್ತಿರದ ಮೇನ್ ರಾಜ್ಯದಲ್ಲಿ ಹಾಲಿನ ಕಂಪನಿಯೊಂದರ ಚಾಲಕರ ಓವರ್‌ಟೈಮ್ ಜಗಳ ಒಂದು ಅಲ್ಪವಿರಾಮದ ಮೇಲೆ ನಿಂತಿತ್ತು. ಓವರ್‌ಟೈಮ್ ಸಿಗದ ಕೆಲಸಗಳ ಪಟ್ಟಿಯಲ್ಲಿದ್ದದ್ದು 'ಸಾಗಣೆಗೆ ಅಥವಾ ವಿತರಣೆಗೆ ಪ್ಯಾಕ್ ಮಾಡುವುದು' ಎಂದೋ, 'ಪ್ಯಾಕ್ ಮಾಡುವುದು' ಬೇರೆ 'ವಿತರಿಸುವುದು' ಬೇರೆ ಎಂದೋ? ಚಾಲಕರು ಪ್ಯಾಕ್ ಮಾಡುತ್ತಿರಲಿಲ್ಲ, ವಿತರಿಸುತ್ತಿದ್ದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಬೆಣ್ಣೆದೋಸೆ
ಒಂದು ಅಲ್ಪವಿರಾಮಕ್ಕೆ 50 ಲಕ್ಷ ಡಾಲರ್. ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಅರ್ಧ ಅಂಕ ಕಳೆಯುತ್ತಿದ್ದರು, ಅಷ್ಟೆ.

ತೋಟದ ಮನೆ
ಮೇಲೆ ಸುಮ್ಮನಿರಿ ಎಂದು ಬರೆದವನು ನಾನೇ. ಅದಕ್ಕೊಂದು ಕಾರಣವಿದೆ. ನಮ್ಮ ಮಾವ ಸಾಲದ ನೋಟಿಸಿಗೆ ತಾವೇ ಉತ್ತರ ಬರೆದರು, ಇನ್‌ಲ್ಯಾಂಡ್ ಲೆಟರಿನಲ್ಲಿ: "ಅಡಿಕೆ ಕೊಯ್ಲು ಮುಗಿಯಲಿ, ತಮ್ಮ ಬಾಕಿ ತೀರಿಸುತ್ತೇನೆ." ಮರ್ಯಾದಸ್ಥರ ಮಾತು. ಎರಡು ತಿಂಗಳು ಕಳೆದಿದ್ದರೆ ಆ ಸಾಲಕ್ಕೆ ದಾವೆ ಹೂಡುವ ವಾಯಿದೆ ಮೀರಿ ಹೋಗುತ್ತಿತ್ತಂತೆ. ಆ ಪತ್ರದಿಂದ ಮತ್ತೆ ಮೂರು ವರ್ಷ ಜೀವ ಬಂತು.

ಕಪ್ಪುಕೋಟು
ಕಾಲಮಿತಿ ಕಾಯ್ದೆ 1963, 18ನೇ ಕಲಂ. ವಾಯಿದೆ ಮುಗಿಯುವ ಮೊದಲು ಬರೆದು ಸಹಿ ಹಾಕಿ ಒಪ್ಪಿಕೊಂಡರೆ ಗಡಿಯಾರ ಮತ್ತೆ ಸೊನ್ನೆಯಿಂದ. ನಿಮ್ಮ ಮಾವ ಉತ್ತರ ಕೊಟ್ಟದ್ದು ತಪ್ಪಲ್ಲ, 'ಬಾಕಿ' ಎಂಬ ಪದ ಬರೆದದ್ದು ಪೆಟ್ಟು. ಪರದೇಶಿಯವರ ಅಪ್ಪನಿಗೂ ಇದು ಬೇಕಾದ ಮಾತು: ಎರಡು ತಿಂಗಳದ್ದು ಕೊಟ್ಟಾಗಿದೆ ಎಂದರೆ ಕೊಟ್ಟಾಗಿದೆ ಎಂದೇ ಬರೆಯಬೇಕು. ಗಲಾಟೆ ಬೇಡವೆಂದು ಇನ್ನೊಮ್ಮೆ ಕಟ್ಟುವುದಾದರೆ 'ತಕರಾರಿಗೆ ಒಳಪಟ್ಟು' ಎಂದು ಬರೆದು ಕಟ್ಟಲಿ.

ಪುಣೆಯ ಪರದೇಶಿ
ಎಲ್ಲರಿಗೂ ಧನ್ಯವಾದ. ಶನಿವಾರ ಊರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಅಲ್ಲಿಯ ವಕೀಲರೊಬ್ಬರನ್ನು ಕಂಡೆವು. ನಾನು ಗುರುತು ಹಾಕಿಟ್ಟಿದ್ದ ಮೂರು ಪುಟ ಮುಂದಿಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ, "ಲಕೋಟೆ ಎಲ್ಲಿ?" ಎಂದರು. ಅದೃಷ್ಟಕ್ಕೆ ಅಪ್ಪ ಬಿಸಾಡಿರಲಿಲ್ಲ, ಹಿಟ್ಟು ಕೊಡವಿ ಇಟ್ಟಿದ್ದರು. ಅಂಚೆ ಮುದ್ರೆ ನೋಡಿ ತಾರೀಖು ಬರೆದುಕೊಂಡರು. ಆಮೇಲೆ ಕರಾರು ಕೇಳಿದರು. "ಹಿಟ್ಟಿನ ಗಿರಣಿ" ಎಂಬಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ನೋಟಿಸ್ ಓದಿದ್ದು ಕೊನೆಯಲ್ಲಿ, ಎರಡೇ ನಿಮಿಷ.

ಉತ್ತರ ಕನ್ನಡದಲ್ಲೇ ಹೋಗಿದೆ, ಒಂದೂವರೆ ಪುಟ, 21ನೇ ತಾರೀಖಿಗೆ. ಈ ತಿಂಗಳ ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕಳಿಸಿದ್ದೇವೆ, ಇನ್ನು ನಗದು ಇಲ್ಲ. ಉತ್ತರದ ಮೊದಲ ಸಾಲೇ "ನಮ್ಮ ಕಕ್ಷಿದಾರರ ಹಕ್ಕುಗಳಿಗೆ ಯಾವುದೇ ಬಾಧಕವಾಗದಂತೆ". ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, "ಇದು ಅವನು ನನಗೆ ಬರೆದದ್ದೇ ಅಲ್ಲವೇ? ಹಾಗಾದರೆ ನನಗೂ ಅವನ ಮೇಲೆ ಸಿಟ್ಟಿಲ್ಲ ಎಂದು ಅವನಿಗೆ ಅನ್ನಿಸಲಿ ಬಿಡು" ಎಂದರು. ಬೇಕೆಂದೇ ಹೇಳಿದರೋ ಇಲ್ಲವೋ ತಿಳಿಯಲಿಲ್ಲ.

ನಿವೃತ್ತ ಗುಮಾಸ್ತ
ಲಕೋಟೆ ಕೇಳಿದವರು ಒಳ್ಳೆಯ ವಕೀಲರು. ಬಿಡಬೇಡಿ.

ಗೋಡೆ ಇಂಜಿನಿಯರ್
ಅದೆಲ್ಲ ಸರಿ. ಊರಿಗೆ ಹೋಗಿದ್ದಿರಲ್ಲ, ಗೋಡೆ ಎಷ್ಟು ಇಂಚು ಎಂದು ನೋಡಿದಿರಾ?